ನಮ್ಮ ಹಳೇ ಸ್ಟಾಪರ್ ಡಯಾಲಿಸಿಸ್ ಕುರ್ಚಿಯಲ್ಲಿ ಕೂತಾಗ: ಅಭಿಮಾನಿಗಳು ಏನು ಮಾಡಬೇಕು, ಏನು ಮಾಡಬಾರದು

ಫುಟ್‌ಬಾಲ್‌ನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ, ಆಗಿದ್ದ ನಮ್ಮ ಅಣ್ಣನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ ಅನ್ನೋ ಸುದ್ದಿ ಬಂದ ದಿನ ಬಳ್ಳಾರಿ ಕೌಲ್ ಬಜಾರಿನ ಅವರ ಓಣಿಯಲ್ಲಿ ಬೈಕ್ ನಿಲ್ಲಿಸಲು ಜಾಗ ಇರಲಿಲ್ಲ. ಒಂದು ಕಾಲಕ್ಕೆ ಅವರು ಹೆಡ್ ಮಾಡಿ ಹೊರಗೆ ಹಾಕಿದ ಚೆಂಡನ್ನು ಓಡಿ ಹೋಗಿ ತಂದುಕೊಡುತ್ತಿದ್ದ ಹುಡುಗರು, ಈಗ ತಲೆ ನೆರೆತವರು, ಎಲ್ಲರೂ ಬಂದಿದ್ದರು. ಸೇಬು ಬಂತು, ಎಳನೀರು ಬಂತು, ಯಾರೋ ಹಾರ ಕೂಡ ತಂದಿದ್ದರು. ನಾನೇ ಎಣಿಸಿದೆ, 40 ಜನ. 40ನೇ ದಿನ ಎಷ್ಟು ಜನ ಇದ್ದರು ಗೊತ್ತಾ? ಇಬ್ಬರು. ಅದರಲ್ಲಿ ಒಬ್ಬ ಆಟೋದವನು, ಅವನಿಗೆ ಬಾಡಿಗೆ ಬಾಕಿ ಇತ್ತು.

ಪ್ರೀತಿ ಕಡಿಮೆಯಾಗಿತ್ತು ಅಂತ ನಾನು ಹೇಳಲ್ಲ. ಮೊದಲ ದಿನ ಬಂದು ನೋಡಿ, ಕೈ ಹಿಡಿದು, ಒಂದು ಫೋಟೋ ತೆಗೆದುಕೊಂಡ ಮೇಲೆ ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ನಿಮ್ಮೂರಲ್ಲೂ ಒಬ್ಬ ಹಳೇ ಆಟಗಾರ ಹಾಸಿಗೆ ಹಿಡಿದಿರಬಹುದು. ಕಾಯಿಲೆ ಬೇರೆ ಇರಬಹುದು, ಆದರೆ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಪೋಸ್ಟ್ ಆಮೇಲೆ, ಮೊದಲು ಮನೆಗೆ ಹೋಗಿ

ಇಬ್ಬರೇ ಹೋಗಿ. ಒಬ್ಬರು ಅವರ ಜೊತೆ ಆಡಿದವರಾಗಿರಲಿ, ಇನ್ನೊಬ್ಬರು ಲೆಕ್ಕಪತ್ರ ಗೊತ್ತಿರುವವರು. ಹೋಗಿ ಕೇಳಬೇಕಾದ್ದು ಮೂರೇ ಪ್ರಶ್ನೆ. ಕಾಯಿಲೆ ವಿಷಯ ಊರಿಗೆ ಹೇಳಬಹುದಾ? ಮನೆಯಲ್ಲಿ ನಮ್ಮ ಜೊತೆ ಮಾತಾಡುವವರು ಯಾರು? ಸಹಾಯ ಬೇಕಾ, ಬೇಕಾದರೆ ಎಂಥದ್ದು?

ಇದನ್ನು ಯಾಕೆ ಮೊದಲಿಗೇ ಹೇಳುತ್ತಿದ್ದೇನೆ ಅಂದರೆ ನಾವು ಕೇಳಲಿಲ್ಲ. ಅದೇ ಸಂಜೆ ಆಸ್ಪತ್ರೆ ಹಾಸಿಗೆಯ ಮೇಲೆ, ಗಡ್ಡ ಬಿಟ್ಟು, ಕಣ್ಣು ಊದಿಕೊಂಡ ಫೋಟೋ ಹಾಕಿ 'ನಮ್ಮ ಅಣ್ಣನನ್ನು ಉಳಿಸಿ' ಅಂತ ಎಲ್ಲಾ ಗ್ರೂಪಿಗೂ ಕಳಿಸಿದೆವು. ಅದು ಮಗಳ ಬೀಗರ ಮನೆಗೂ ಹೋಯಿತು, ಅವರಿಗೆ ಅಲ್ಲಿಯವರೆಗೆ ವಿಷಯವೇ ಗೊತ್ತಿರಲಿಲ್ಲ. ಅಣ್ಣ ನನಗೆ ಕೇಳಿದ್ದು ಒಂದೇ ಮಾತು: "ನಾನು ಜೆರ್ಸಿ ಹಾಕಿದ್ದ ಫೋಟೋ ಒಂದೂ ಸಿಗಲಿಲ್ವೇನೋ?"

2012ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡದ ನಾಯಕ ಸ್ಟಿಲಿಯನ್ ಪೆಟ್ರೋವ್‌ಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಅಲ್ಲಿನ ಅಭಿಮಾನಿಗಳು ಪ್ರತಿ ಪಂದ್ಯದ 19ನೇ ನಿಮಿಷದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯಲು ಶುರು ಮಾಡಿದರು, ಅವರ ಜೆರ್ಸಿ ನಂಬರ್ 19 ಅಂತ. ಹಾಸಿಗೆಯ ಫೋಟೋ ಬೇಕಾಗಲೇ ಇಲ್ಲ. ಪೆಟ್ರೋವ್ ಆಮೇಲೆ ಗುಣವಾದರು ಅನ್ನೋದು ಬೇರೆ ಮಾತು. ನಾವೂ ಎರಡನೇ ವಾರ ಫೋಟೋ ಬದಲಾಯಿಸಿದೆವು. ಕಪ್ಪುಬಿಳುಪು ತಂಡದ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ನಿಂತವರ ಸುತ್ತ ಒಂದು ಗೆರೆ ಎಳೆದೆವು, ಸಾಕಾಯಿತು.

ಎಳನೀರು ಕೆಳಗಿಡಿ

ಇದು ಕಿಡ್ನಿ ರೋಗಿಯ ಮನೆಗೆ ಹೋಗುವವರು ಓದಲೇಬೇಕಾದ ಭಾಗ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಷಿಯಂ ಮೈಯಿಂದ ಸರಿಯಾಗಿ ಹೊರಗೆ ಹೋಗಲ್ಲ. ಅದು ರಕ್ತದಲ್ಲಿ ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರು, ಬಾಳೆಹಣ್ಣು, ಕಿತ್ತಳೆ ರಸ, ಒಣಹಣ್ಣು, ಅಂದರೆ ನಾವು ರೋಗಿಯನ್ನು ನೋಡಲು ಹೋಗುವಾಗ ಪ್ರೀತಿಯಿಂದ ಒಯ್ಯುವ ಸಾಮಾನೆಲ್ಲ ಪೊಟ್ಯಾಷಿಯಂ ಇರುವಂಥದ್ದೇ! ಆ ಮೊದಲ ದಿನ ಅವರ ಮನೆಯಲ್ಲಿ 15 ಎಳನೀರು ಇದ್ದವು. ಮನೆಯವರು ಬುದ್ಧಿವಂತರು, ಬಂದವರಿಗೇ ಕುಡಿಸಿ ಕಳಿಸಿದರು.

ನೀರಿಗೂ ಅಳತೆ ಇದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಇಷ್ಟೇ ಲೋಟ ಅಂತ ಬದುಕೋದು ಎಂಥ ಹಿಂಸೆ ಅಂತ ಅವರ ಎದುರು ಕೂತು ತಣ್ಣನೆ ಜ್ಯೂಸ್ ಕುಡಿಯುವವನಿಗೆ ತಿಳಿಯಲ್ಲ. ದಯವಿಟ್ಟು ಕುಡಿಯಬೇಡಿ. ಉಪ್ಪು ದಾಹ ಹೆಚ್ಚಿಸುತ್ತದೆ, ಹಾಗಾಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗಬೇಡಿ, ಅವರು ಕೇಳಿದರೂ. ಕೇಳುತ್ತಾರೆ ಅಂತ ಮೊದಲೇ ಹೇಳಿರುತ್ತೇನೆ.

ಇನ್ನೊಂದು, ಕೈ. ಡಯಾಲಿಸಿಸ್‌ಗೆ, ಅಂದರೆ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಶುದ್ಧ ಮಾಡೋದಕ್ಕೆ ಅಂತ, ಒಂದು ತೋಳಿನಲ್ಲಿ ಸಣ್ಣ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರುತ್ತಾರೆ, ಫಿಸ್ಟುಲಾ ಅಂತಾರೆ. ಮುಟ್ಟಿದರೆ ಒಳಗೆ ಜುಂ ಅಂತ ಕಂಪನ ತಿಳಿಯುತ್ತದೆ. ಅದು ಅವರ ಜೀವನಾಡಿ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಿಸಬಾರದು. ಅಭಿಮಾನಿಗಳು ಸೆಲ್ಫಿಗೆ ಅಂತ ಅದೇ ತೋಳಿಗೆ ಜೋತುಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಕೈ ಅಂತ ಕೇಳಿ, ಆ ಕಡೆ ನಿಲ್ಲಬೇಡಿ.

ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದ್ದರೆ ಸೋಂಕಿನ ಭಯ ಜಾಸ್ತಿ. ಹೂವು, ಗುಂಪು, ನೆಗಡಿ ಆದವರು, ಮೂರೂ ಬೇಡ. ಯಾವ ಕಾಯಿಲೆಯಾದರೂ ಡಾಕ್ಟರ್ ಕೊಟ್ಟ 'ತಿನ್ನಬಹುದು, ತಿನ್ನಬಾರದು' ಚೀಟಿಯನ್ನು, ಮನೆಯವರು ಒಪ್ಪಿದರೆ, ಗ್ರೂಪಿನಲ್ಲಿ ಮೇಲೆ ಪಿನ್ ಮಾಡಿ.

ರಕ್ತ ಕೊಡಲು ಓಡುವ ಮುನ್ನ

ಹುಡುಗರಿಗೆ ಮೊದಲು ಹೊಳೆಯೋದು ರಕ್ತದಾನ. ಒಳ್ಳೆಯದೇ. ಆದರೆ ಮುಂದೆ ಕಿಡ್ನಿ ಕಸಿ ಮಾಡಿಸುವ ಯೋಚನೆ ಇದ್ದವರಿಗೆ ಡಾಕ್ಟರ್‌ಗಳು ಆದಷ್ಟು ರಕ್ತ ಏರಿಸೋದನ್ನು ತಪ್ಪಿಸುತ್ತಾರೆ. ಬೇರೆಯವರ ರಕ್ತ ಹೋದಾಗ ಮೈಯಲ್ಲಿ ಹೊರಗಿನದನ್ನು ಎದುರಿಸುವ ಪ್ರತಿಕಾಯಗಳು ಹುಟ್ಟಿಕೊಂಡು ಆಮೇಲೆ ಕಿಡ್ನಿ ಹೊಂದಾಣಿಕೆ ಕಷ್ಟವಾಗುತ್ತದೆ. ಆದ್ದರಿಂದ ಕೇಳಿ, ಬೇಡ ಅಂದರೆ ಸುಮ್ನಿರಿ.

ಬೇಕು ಅಂದರೆ ಎಲ್ಲರೂ ಒಂದೇ ದಿನ ಕೊಡಬೇಡಿ. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ಪ್ಲೇಟ್‌ಲೆಟ್ ಅಂತೂ ತೆಗೆದ 5 ದಿನದೊಳಗೆ ಬಳಸಬೇಕು, ಕೂಡಿಡಲು ಆಗಲ್ಲ. ಪಟ್ಟಿ ಮಾಡಿ: ಹೆಸರು, ಗುಂಪು, ಕೊನೇ ಬಾರಿ ಕೊಟ್ಟ ದಿನ, ಕೆಲಸದ ಶಿಫ್ಟ್. ಈ ಕೊನೇದು ನಮ್ಮ ಕಡೆ ಮುಖ್ಯ. ನಮ್ಮ ಗ್ರೂಪಿನ ಅರ್ಧ ಜನ ತೋರಣಗಲ್ಲಿನ ಸ್ಟೀಲ್ ಪ್ಲಾಂಟಿಗೆ ಹೋಗುವವರು. ನೈಟ್ ಶಿಫ್ಟ್ ಮುಗಿಸಿ, ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಬಂದವನನ್ನು ರಕ್ತನಿಧಿಯಲ್ಲಿ ವಾಪಸ್ ಕಳಿಸುತ್ತಾರೆ, ಕಳಿಸಬೇಕು ಕೂಡ.

"ನನ್ನ ಕಿಡ್ನಿ ಕೊಡ್ತೀನಿ"

ಭಾವುಕತೆಯಲ್ಲಿ ಹೀಗೆ ಹೇಳಿದವರು ನಮ್ಮಲ್ಲೇ ಮೂವರು. ಒಬ್ಬ ಕುಡಿದಿದ್ದ, ಅವನನ್ನು ಬಿಡಿ. ಉಳಿದಿಬ್ಬರು ನಿಜವಾಗಿಯೂ ಹೇಳಿದ್ದರು. ಅವರಿಗೆ ಕಾನೂನು ತಿಳಿಸಬೇಕಾಯಿತು.

1994ರ ಅಂಗಾಂಗ ಕಸಿ ಕಾಯ್ದೆ, ಆಮೇಲೆ ಆದ ತಿದ್ದುಪಡಿ ಸೇರಿಸಿ, ಹತ್ತಿರದ ಸಂಬಂಧಿ ಅಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿ, ಅಜ್ಜ ಅಜ್ಜಿ, ಮೊಮ್ಮಕ್ಕಳು. ಇವರನ್ನು ಬಿಟ್ಟು ಯಾರು ಕೊಡಬೇಕಾದರೂ ಅನುಮತಿ ಸಮಿತಿಯ ಮುಂದೆ ಹೋಗಬೇಕು, ಹಣದ ವ್ಯವಹಾರ ಇಲ್ಲ ಅಂತ ತೋರಿಸಬೇಕು. ಹಣ ಕೊಟ್ಟು ಕೊಂಡರೆ ಅಪರಾಧ, ಮಾರಿದರೂ ಅಪರಾಧ. ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೇ ಸ್ಟ್ರೈಕರ್ ಆಂಡಿ ಕೋಲ್‌ಗೆ 2017ರಲ್ಲಿ ಕಿಡ್ನಿ ಕೊಟ್ಟದ್ದು ಅವರ ಒಡಹುಟ್ಟಿದವರ ಮಗ. ನಮ್ಮಲ್ಲಾದರೆ ಆ ಹುಡುಗನೂ ಸಮಿತಿಯ ಮುಂದೆ ನಿಲ್ಲಬೇಕಾಗುತ್ತಿತ್ತು.

ಸಂಬಂಧಿಕರಲ್ಲಿ ಯಾರದ್ದೂ ಹೊಂದದಿದ್ದರೆ, ಮೆದುಳು ನಿಷ್ಕ್ರಿಯವಾದವರಿಂದ ಸಿಗುವ ಕಿಡ್ನಿಗೆ ಕಾಯುವ ಪಟ್ಟಿ ಇದೆ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳೋದು ಜೀವಸಾರ್ಥಕತೆ ಸಂಸ್ಥೆ, ನೋಂದಣಿ ಕಸಿ ಮಾಡುವ ಆಸ್ಪತ್ರೆಯ ಮೂಲಕ ಆಗುತ್ತದೆ. ತಡ ಮಾಡಬೇಡಿ, ಸರದಿ ದೊಡ್ಡದು. ಉತ್ಸಾಹ ಇರುವ ಹುಡುಗರು ತಾವು ಅಂಗದಾನದ ಪ್ರತಿಜ್ಞೆ ಮಾಡಿ ಮನೆಯವರಿಗೂ ಹೇಳಿಡಲಿ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರೇ ಅಲ್ವಾ.

ಕಸಿಯಾದ ಮೇಲೆ ಬದುಕೇ ಮುಗೀತು ಅಂತ ಅಣ್ಣ ಅಂದುಕೊಂಡಿದ್ದರು. ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರ ಇವಾನ್ ಕ್ಲಾಸ್ನಿಚ್ ಕತೆ ಹೇಳಿದೆ. 2007ರಲ್ಲಿ ಮೊದಲು ಅಮ್ಮನ ಕಿಡ್ನಿ ಹಾಕಿದರು, ಮೈ ಒಪ್ಪಲಿಲ್ಲ. ಆಮೇಲೆ ಅಪ್ಪನದ್ದು ಹಾಕಿದರು. 2008ರ ಯುರೋ ಕಪ್‌ನಲ್ಲಿ ಅದೇ ಕ್ಲಾಸ್ನಿಚ್ ಪೋಲೆಂಡ್ ಮೇಲೆ ಗೋಲು ಹೊಡೆದ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೋಲೆಂಡ್ ಸ್ಟಾಪರ್ ಎಲ್ಲಿ ಹೋಗಿದ್ದ?" ಅಂದರು.

ಹಣ: ಮೊದಲು ಸರ್ಕಾರದ್ದು, ಆಮೇಲೆ ಜನರದ್ದು

ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊದಲೇ ಚಂದಾ ಎತ್ತಿ, ಅದು ಖಾಸಗಿ ಆಸ್ಪತ್ರೆಯಲ್ಲಿ ಖಾಲಿಯಾದ ಮೇಲೆ ರೇಷನ್ ಕಾರ್ಡ್ ಹುಡುಕುತ್ತಾರೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಬಳ್ಳಾರಿಯವರು ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ, ಮೊದಲ ಬಾಗಿಲು ಅವೇ. ಡಯಾಲಿಸಿಸ್‌ಗೆ 2016ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಬೇರೆ ಇದೆ, ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿಎಲ್‌ನವರಿಗೆ ಉಚಿತ.

ಹಾಗಾದರೆ ಹಣ ಎಲ್ಲಿ ಖರ್ಚಾಗುತ್ತೆ? ವಾರಕ್ಕೆ ಎರಡು ಮೂರು ಸಲ ಆಟೋ. ಹೊರಗೆ ಬರೆದುಕೊಟ್ಟ ಔಷಧಿ, ಟೆಸ್ಟ್. ಜೊತೆಗೆ ಹೋಗುವ ಹೆಂಡತಿಯ ಅಥವಾ ಮಗನ ತಪ್ಪಿದ ದಿನಗೂಲಿ. ಅಣ್ಣನ ಮಗ ಜೀನ್ಸ್ ಹೊಲಿಯುವ ಘಟಕದಲ್ಲಿ ಪೀಸಿಗಿಷ್ಟು ಅಂತ ಕೆಲಸ ಮಾಡುವವನು, ಕೂತರೆ ಮಾತ್ರ ದುಡ್ಡು. ಚಂದಾ ಹಣ ಬೇಕಾದದ್ದು ಇದಕ್ಕೆ, ಇದನ್ನು ಪೋಸ್ಟರ್‌ನಲ್ಲಿ ಹೀಗೇ ಬಿಡಿಸಿ ಬರೆಯಿರಿ. 'ಲಕ್ಷಾಂತರ ರೂಪಾಯಿ ಬೇಕಾಗಿದೆ' ಅಂದರೆ ಯಾರೂ ಕೈ ಹಾಕಲ್ಲ. ವಾರದ ಆಟೋ ಬಾಡಿಗೆ ಇಷ್ಟು ಅಂದರೆ ಪಾನ್ ಅಂಗಡಿಯವನೂ ಒಂದು ವಾರ ನಂದು ಅಂತಾನೆ.

ಆಟಗಾರರಿಗೆ ಅಂತಲೇ ಇರುವ ದಾರಿಗಳೂ ಇವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಿಂದ ಕಷ್ಟದಲ್ಲಿರುವ ಹಳೇ ಕ್ರೀಡಾಪಟುಗಳಿಗೆ ಮಾಸಾಶನ ಇದೆ. ಕೇಂದ್ರದ ಪಂಡಿತ್ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ಕಲ್ಯಾಣ ನಿಧಿಯಿಂದ ಚಿಕಿತ್ಸೆಗೂ ನೆರವು ಸಿಗುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಇಟ್ಟು ಅರ್ಜಿ ಹಾಕಬಹುದು. ಕ್ರೀಡೆಯ ಅರ್ಜಿಗೆ ಆಡಿದ ದಾಖಲೆ ಕೇಳುತ್ತಾರೆ, ನಾವು ಸಿಕ್ಕಿಬಿದ್ದದ್ದು ಅಲ್ಲೇ. ಅಣ್ಣನ ಸರ್ಟಿಫಿಕೇಟ್‌ಗಳು ಟ್ರಂಕಿನಲ್ಲಿ ಗೆದ್ದಲು ಹಿಡಿದು ಪುಡಿಯಾಗಿದ್ದವು. ಆಮೇಲೆ ಹಳೇ ಜೊತೆಗಾರರ ಮನೆಮನೆ ತಿರುಗಿ ಅದೇ ಟೂರ್ನಿಯ ಅವರ ಸರ್ಟಿಫಿಕೇಟ್, ತಂಡದ ಪಟ್ಟಿ, ಪೇಪರ್ ಕಟಿಂಗ್ ಜೋಡಿಸಿ, ನಕಲು ಪ್ರತಿಗೆ ಅರ್ಜಿ ಕೊಟ್ಟೆವು. ಎರಡು ತಿಂಗಳು ಹೋಯಿತು. ನಿಮ್ಮ ಮನೆಯಲ್ಲಿ ಹಳೇ ಆಟಗಾರ ಇದ್ದರೆ, ಕಾಯಿಲೆ ಇರಲಿ ಬಿಡಲಿ, ಇವತ್ತೇ ಸ್ಕ್ಯಾನ್ ಮಾಡಿಸಿ ಇಡಿ.

ಜನರ ಹಣ ಎತ್ತುವಾಗ ಖಾತೆ ರೋಗಿಯ ಅಥವಾ ಅವರ ಹೆಂಡತಿಯ ಹೆಸರಿನಲ್ಲೇ ಇರಲಿ. ಸಂಘಟಕನ ಸ್ವಂತ ನಂಬರಿಗೆ ಒಂದು ರೂಪಾಯಿಯೂ ಬೇಡ, ಅವನು ಎಷ್ಟೇ ಸತ್ಯವಂತನಾಗಿರಲಿ. ಕ್ಯೂಆರ್ ಕೋಡ್ ವಿಷಯದಲ್ಲಿ ಹುಷಾರು. ನಮ್ಮ ಪೋಸ್ಟರನ್ನೇ ಯಾವನೋ ಇಳಿಸಿಕೊಂಡು ತನ್ನ ಕೋಡ್ ಅಂಟಿಸಿ ಹರಿಬಿಟ್ಟಿದ್ದ, ಗೊತ್ತಾಗಲು ನಾಲ್ಕು ದಿನ ಬೇಕಾಯಿತು. ಆಮೇಲೆ ಪೋಸ್ಟರ್ ಮೇಲೇ 'ಹಣ ಹಾಕುವಾಗ ಈ ಹೆಸರು ಬಂದರೆ ಮಾತ್ರ ಕಳಿಸಿ' ಅಂತ ದಪ್ಪಗೆ ಬರೆದೆವು. ಹಾಗೆ ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪ್ರತಿ ಭಾನುವಾರ ರಾತ್ರಿ ಬಂದದ್ದು, ಹೋದದ್ದು, ಉಳಿದದ್ದು ಗ್ರೂಪಿಗೆ ಹಾಕಿ, ಬಿಲ್ಲಿನ ಫೋಟೋ ಸಮೇತ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಹಣ ಬಂದರೆ ತೆರಿಗೆ ಪ್ರಶ್ನೆ ಏಳಬಹುದು, ಒಬ್ಬ ಆಡಿಟರ್ ಹತ್ತಿರ ಮೊದಲೇ ಮಾತಾಡಿ. ಆಸ್ಪತ್ರೆಯ ದೊಡ್ಡ ಬಿಲ್ಲನ್ನು ದಾನಿಗಳೇ ನೇರ ಆಸ್ಪತ್ರೆಗೆ ಕಟ್ಟಿದರೆ ಲೆಕ್ಕವೂ ಸಲೀಸು.

ಪಂದ್ಯ ಇಡೋದಾದರೆ

2015ರ ಜನವರಿಯಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಅಲ್ಲಿನ ರೇಂಜರ್ಸ್ ತಂಡದ ಹಳೇ ಆಟಗಾರ ಫರ್ನಾಂಡೊ ರಿಕ್ಸೆನ್‌ಗೋಸ್ಕರ ಒಂದು ಪಂದ್ಯ ನಡೆಯಿತು. ನರಗಳ ಕಾಯಿಲೆಯಿಂದ ಮಾತೂ ತೊದಲುತ್ತಿತ್ತು ಅವರಿಗೆ. 40 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ನಮ್ಮಲ್ಲಿ 300 ಜನ ಬಂದರೆ ದೊಡ್ಡದು, 300 ಅಂದುಕೊಂಡೇ ಲೆಕ್ಕ ಹಾಕಿ. ಖರ್ಚು ಕಳೆದು ಏನೂ ಉಳಿಯದ ಪಂದ್ಯಗಳನ್ನು ನಾನು ನೋಡಿದ್ದೇನೆ, ಶಾಮಿಯಾನ ಮತ್ತು ಸನ್ಮಾನದ ಶಾಲುಗಳೇ ನುಂಗಿಬಿಟ್ಟವು.

ಬೆಳಿಗ್ಗೆ 6.30ಕ್ಕೆ ಶುರು ಮಾಡಿ, 8.30ಕ್ಕೆ ಮುಗಿಸಿ. ಬೇಸಿಗೆಯಲ್ಲಿ ಅದರಾಚೆಗೆ ನಮ್ಮೂರಲ್ಲಿ ಯಾರನ್ನೂ ಓಡಿಸಬೇಡಿ. 40 ದಾಟಿದ ಹಳೇ ಹುಲಿಗಳು ಬರುತ್ತಾರೆ, ಹೊಟ್ಟೆ ಬಂದಿದೆ, ಶುಗರ್ ಇದೆ, ಮನಸ್ಸು ಮಾತ್ರ 22ರಲ್ಲೇ ನಿಂತಿದೆ. ಏಳು ಜನರ ತಂಡ, 15 ನಿಮಿಷದ ಅರ್ಧ, ಬೇಕಾದಷ್ಟು ಬದಲಿ ಆಟಗಾರರು. ಮೈದಾನದ ಅನುಮತಿ, ಪೊಲೀಸರಿಗೆ ತಿಳಿಸೋದು, ಪಕ್ಕದಲ್ಲಿ ಒಂದು ಆಂಬುಲೆನ್ಸ್, ಇಷ್ಟು ಮರೆಯಬೇಡಿ. ಒಬ್ಬ ರೋಗಿಗೆ ಸಹಾಯ ಮಾಡಲು ಹೋಗಿ ಇನ್ನೊಬ್ಬನನ್ನು ಮಲಗಿಸಬಾರದು. ಜೆರ್ಸಿಯನ್ನು ಅಣ್ಣನ ಮಗನ ಘಟಕದವರೇ ಕೂಲಿ ಇಲ್ಲದೆ ಹೊಲಿದುಕೊಟ್ಟರು. ಹೊಲಿಗೆ ಜೀನ್ಸ್ ಪ್ಯಾಂಟಿನಷ್ಟು ಗಟ್ಟಿ, ಹರಿಯೋ ಮಾತೇ ಇಲ್ಲ.

ಡಯಾಲಿಸಿಸ್ ಇಲ್ಲದ ದಿನ ನೋಡಿ ಇಡಿ. ನೆರಳಲ್ಲಿ ಕುರ್ಚಿ, ಹತ್ತಿರ ಶೌಚಾಲಯ, ಸಾಕು ಅನಿಸಿದಾಗ ಹೊರಡಲು ವಾಹನ ರೆಡಿ ಇರಲಿ. ಭಾಷಣ ಎರಡೇ, ದೊಡ್ಡ ಚೆಕ್ಕಿನ ಫೋಟೋ ಬೇಡ. ಅವರಿಗೆ ಒಂದು ಕೆಲಸ ಕೊಡಿ. 2024ರ ಮಾರ್ಚ್‌ನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ ಕೋಚ್ ಸ್ವೆನ್ ಗೋರಾನ್ ಎರಿಕ್ಸನ್ ಅವರನ್ನು ಲಿವರ್‌ಪೂಲ್ ತಂಡದವರು ತಮ್ಮ ಆನ್‌ಫೀಲ್ಡ್ ಮೈದಾನಕ್ಕೆ ಕರೆದು ಹಳೇ ಆಟಗಾರರ ತಂಡದ ಮ್ಯಾನೇಜರ್ ಮಾಡಿದ್ದರು. ಲಿವರ್‌ಪೂಲ್ ತಂಡವನ್ನು ನಡೆಸಬೇಕು ಅನ್ನೋದು ಅವರ ಹಳೇ ಆಸೆ. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ನಾವು ಅದನ್ನೇ ಕದ್ದೆವು, ಅಣ್ಣನೇ ತಂಡ ಆರಿಸಿದರು. ನನ್ನನ್ನು ಬದಲಿಯಾಗಿಟ್ಟರು. ಅದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ.

ಪಾಳಿ

ಹಣಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ, ಕಸಿ ಆಗುವವರೆಗೆ ಇದು ನಿಲ್ಲೋದೇ ಇಲ್ಲ. 40 ಜನ ಒಂದೇ ದಿನ ಬರೋ ಬದಲು ಒಬ್ಬೊಬ್ಬರು ಒಂದೊಂದು ಸಲ ಬಂದಿದ್ದರೆ ಮೂರು ತಿಂಗಳು ದಾಟುತ್ತಿತ್ತು. ಇಷ್ಟು ಸರಳ ಲೆಕ್ಕ ನಮಗೆ ಮೊದಲ ದಿನ ಹೊಳೆಯಲಿಲ್ಲ.

ಈಗ ಹಾಳೆಯ ಮೇಲೆ ಪಾಳಿ ಬರೆದು ಚಹಾ ಅಂಗಡಿಯಲ್ಲಿ ಅಂಟಿಸಿದ್ದೇವೆ, ಗ್ರೂಪಿನಲ್ಲೂ ಇದೆ. ಮಂಗಳವಾರ, ಶುಕ್ರವಾರ. ಒಬ್ಬ ಕರೆದೊಯ್ಯುವವನು, ಒಬ್ಬ ಕರೆತರುವವನು. ಬರಲು ಆಗದಿದ್ದರೆ ಹಿಂದಿನ ರಾತ್ರಿ 8ರೊಳಗೆ ಹೇಳಬೇಕು ಮತ್ತು ತನ್ನ ಬದಲಿಯನ್ನು ತಾನೇ ಹುಡುಕಬೇಕು. ಬರ್ತೀನಿ ಅಂತ ಬರೆಸಿ ಎರಡು ಸಲ ಕೈಕೊಟ್ಟವನ ಹೆಸರು ತೆಗೆಯುತ್ತೇವೆ, ಜಗಳ ಇಲ್ಲ, ಬೇರೆ ಕೆಲಸ ಕೊಡುತ್ತೇವೆ. ಕರೆಂಟ್ ಬಿಲ್ ಕಟ್ಟೋದು, ಔಷಧಿ ತರೋದು, ಅಣ್ಣನ ಹೆಂಡತಿ ಒಂದು ಮಧ್ಯಾಹ್ನ ನೆಮ್ಮದಿಯಾಗಿ ಮಲಗಲಿ ಅಂತ ಮನೆಯಲ್ಲಿ ಕೂರೋದು. ಈ ಕೊನೆಯ ಕೆಲಸವನ್ನು ನಮ್ಮ ಮನೆಯ ಹೆಂಗಸರು ತಾವೇ ಶುರು ಮಾಡಿದರು, ನಮಗೆ ಗಂಡಸರಿಗೆ ಹೊಳೆದೇ ಇರಲಿಲ್ಲ.

ಬೆಂಗಳೂರಿಗೆ ತೋರಿಸಲು ಹೋಗೋದಿದ್ದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ. ಡಯಾಲಿಸಿಸ್ ಅಥವಾ ಕಿಡ್ನಿ ಕಸಿಗೆ ಹೋಗುವವರಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75 ರಿಯಾಯಿತಿ ಸಿಗುತ್ತದೆ, ಆಸ್ಪತ್ರೆಯಿಂದ ರೈಲ್ವೆ ನಮೂನೆಯಲ್ಲಿ ಸರ್ಟಿಫಿಕೇಟ್ ತರಬೇಕು. ಕೆಳಗಿನ ಬರ್ತ್ ಕೇಳಿ. ಹಿಂದಿನ ದಿನ ಡಯಾಲಿಸಿಸ್ ಆಗಿರುವಂತೆ ದಿನ ಹೊಂದಿಸಿ.

ಪಾಳಿಗೆ ಹೋದವರು ಆ 4 ಗಂಟೆ ಏನು ಮಾಡಬೇಕು ಅಂತ ಕೇಳುತ್ತಾರೆ. ಒಳಗೆ ಬಿಟ್ಟರೆ ಪಕ್ಕದಲ್ಲಿ ಕೂತರೆ ಸಾಕು. ಕಾಯಿಲೆ ಮಾತು ಬೇಡ, ಯಾರದ್ದೋ ಮಾವನಿಗೆ ಹೀಗೇ ಆಗಿತ್ತು ಅನ್ನೋ ಕತೆಯಂತೂ ಬೇಡವೇ ಬೇಡ. ನಾನು ಫೋನಿನಲ್ಲಿ ಪಂದ್ಯ ಹಾಕಿಕೊಡುತ್ತೇನೆ. ಹೋದ ವಾರ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯ 2023ರ ಫೈನಲ್ ಹಾಕಿದ್ದೆ, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಕಪ್ ತಂದದ್ದು. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ನಮ್ಮ ಮೇಲೆ ಆದ ಆ ಎರಡು ಗೋಲನ್ನೇ ಹಿಂದೆ ಮುಂದೆ ಮಾಡಿಸಿ ಮಾಡಿಸಿ ನೋಡಿ, ನಮ್ಮ ಡಿಫೆನ್ಸ್‌ಗೆ ಬೈದದ್ದು ಬೈದದ್ದೇ, ನರ್ಸ್ ಬಂದು ಬಿಪಿ ನೋಡುವವರೆಗೂ. ಇಯರ್‌ಫೋನ್ ಒಯ್ಯಿರಿ. ಪಕ್ಕದ ಕುರ್ಚಿಯವರು ನಿದ್ದೆ ಮಾಡುತ್ತಿರುತ್ತಾರೆ.